ಗೋಡೆಗೆ ಮುಖ ಮಾಡಿದ ಪೆಟ್ಟಿಗೆ

ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ನಾನು ಯಾವ ವಿಷಯದಲ್ಲಿಯೂ ತೀರ್ಮಾನ ಕೊಟ್ಟವನಲ್ಲ. ಪೂರ್ವಾಪರ ಬರೆದು, ಕೆಳಗೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಸಹಿ ಹಾಕಿ, ಕಡತವನ್ನು ಮೇಲಕ್ಕೆ ತಳ್ಳುವುದಷ್ಟೇ ನನ್ನ ಧರ್ಮ. ತೀರ್ಮಾನದ ಪಾಪ ಮೇಲಿನವರಿಗೆ. ಇಂಥ ನಿರ್ಮಲ ಜೀವನದಲ್ಲಿ ಒಂದೇ ಒಂದು ಸಲ, ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಮೇಲೆ ಯಾರೂ ಇಲ್ಲದ ಕಡತವೊಂದು ಶಿಕಾರಿಪುರದ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಪಾಲಿಗೆ ಬಂತು. ವಿಷಯ: ಹಳೆಯ ಲೌಡ್‌ಸ್ಪೀಕರ್ ಪೆಟ್ಟಿಗೆಗಳು, ಸಂಖ್ಯೆ ಎರಡು. ಇವನ್ನು ಕಡಿಮೆ ಖರ್ಚಿನಲ್ಲಿ ಬದಲಾಯಿಸಿ ಸುಧಾರಿಸಬೇಕೋ, ಇದ್ದಂತೆಯೇ ಬಿಡಬೇಕೋ?

ಪೆಟ್ಟಿಗೆಗಳು ಮಾವನ ಜೊತೆ ಬಂದವು. ಮಾವ ಎಂದರೆ ನನ್ನ ತಾಯಿಯ ತಮ್ಮ. ಅವರ ಮಗಳನ್ನೇ ನಾನು ಮದುವೆಯಾದದ್ದರಿಂದ ಎರಡು ಕಡೆಯಿಂದಲೂ ಮಾವ. ಸೊರಬ, ಜಡೆ ಸುತ್ತಮುತ್ತ ಡೇರೆ ಹಾಕುತ್ತಿದ್ದ ಒಂದು ಟೂರಿಂಗ್ ಟಾಕೀಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಪ್ರೊಜೆಕ್ಟರ್ ಓಡಿಸಿದವರು. ಟೆಂಟು ಕೊನೆಯ ಸಲ ಸುತ್ತಿಟ್ಟಾಗ ಅದರ ಯಜಮಾನರು ಇವೆರಡನ್ನು ನೆನಪಿಗೆಂದು ಮಾವನಿಗೆ ಕೊಟ್ಟರು. ನೆನಪಿಗೆ ಒಂದು ಕೈಗಡಿಯಾರ ಕೊಟ್ಟಿದ್ದರೆ ಆಗುತ್ತಿತ್ತು. ಸೊರಬದ ಬಸ್ಸಿನಲ್ಲಿ ಮಾವನಿಗೆ ಸೀಟು ಸಿಕ್ಕಿರಲಿಲ್ಲ, ನಿಂತುಕೊಂಡೇ ಬಂದರು. ಪೆಟ್ಟಿಗೆಗಳು ಮಾತ್ರ ಬಸ್ಸಿನ ನೆತ್ತಿಯ ಮೇಲೆ ಮಲಗಿ ಸುಖವಾಗಿ ಬಂದಿಳಿದವು.

ಸೊಂಟದೆತ್ತರದ ಕರಿ ಬಣ್ಣದ ಪೆಟ್ಟಿಗೆಗಳು. ಮುಂದಿನ ಬಟ್ಟೆಯ ಮೇಲೆ ಎಷ್ಟೋ ಊರಿನ ಎಲೆಯಡಿಕೆ ಉಗುಳು ಒಣಗಿ ನಕ್ಷೆಯಂತಾಗಿತ್ತು. ವಾಸನೆಯನ್ನು ಏನೆಂದು ವರ್ಣಿಸಲಿ? ಬೀಡಿ, ಬಾವಲಿ, ಒದ್ದೆ ಗೋಣಿ, ನೆಲದ ಕ್ಲಾಸಿನ ಜನರ ಬೆವರು ಎಲ್ಲ ಸೇರಿ ಹುದುಗಿದ ಒಂದು ವಾಸನೆ. ಅದು ನಮ್ಮ ಪಡಸಾಲೆಗೆ ಬಂದು, ಊದುಬತ್ತಿಗೂ ಸಾಂಬ್ರಾಣಿಗೂ ಜಗ್ಗದೆ, ಬಾಡಿಗೆದಾರನಂತೆ ನೆಲೆಸಿತು.

ಎರಡರಲ್ಲಿ ಒಂದು, ಟೆಂಟಿನಲ್ಲಿ ಪರದೆಯ ಪಕ್ಕದಲ್ಲಿ ನಿಲ್ಲುತ್ತಿದ್ದದ್ದು. ಇನ್ನೊಂದು ಕ್ಯಾಬಿನ್ ಪೆಟ್ಟಿಗೆ. ಮಿಷನ್ನಿನ ಗದ್ದಲದಲ್ಲಿಯೂ ಪಿಕ್ಚರಿನ ಧ್ವನಿ ನಿಂತರೆ ಆಪರೇಟರಿಗೆ ತಿಳಿಯಲೆಂದು ಅವರ ಸ್ಟೂಲಿನ ಹಿಂದೆ ಇರುತ್ತಿದ್ದದ್ದು. ನಾನು ಎರಡನ್ನೂ ನಮ್ಮ ವಾಲ್ವ್ ರೇಡಿಯೋದ ಬೆನ್ನಿಗೆ ತಂತಿಯಿಂದ ಜೋಡಿಸಿ, ಗೋಡೆಯ ಎರಡು ಬದಿಗೆ ದ್ವಾರಪಾಲಕರಂತೆ ನಿಲ್ಲಿಸಿದೆ. ಮಾರನೆಯ ದಿನ ನೋಡಿದರೆ ಕ್ಯಾಬಿನ್ ಪೆಟ್ಟಿಗೆ ಮುಖವನ್ನು ಗೋಡೆಗೆ ಮಾಡಿ, ಬೆನ್ನನ್ನು ನಮಗೆ ತೋರಿಸಿ ನಿಂತಿತ್ತು. ಆ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಮಾವ ಕೂತಿದ್ದರು. ನಾನು ತಿರುಗಿಸಿದೆ. ಮರುದಿನ ಅದು ಮತ್ತೆ ಗೋಡೆ ನೋಡುತ್ತಿತ್ತು. ಹೀಗೆ ಎಂಟು ದಿನ. ಒಂಬತ್ತನೆಯ ದಿನ ನಾನು ಸೋತೆ.

ಮಾವನಿಗೆ ಕಿವಿ ಕೇಳುತ್ತಿರಲಿಲ್ಲ. ಇಷ್ಟು ನೇರವಾಗಿ ಈ ಮಾತನ್ನು ನಾನು ಬರೆಯುತ್ತಿರುವುದು ಇದೇ ಮೊದಲು; ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ನಾವು ಕೂಗಿ ಮಾತಾಡುತ್ತಿದ್ದದ್ದು ಬೀದಿಯಲ್ಲಿ ಲಾರಿಗಳ ಕಾಟ ಎಂಬ ಕಾರಣಕ್ಕೆ. ಅವರು ನಮ್ಮ ತುಟಿ ನೋಡುತ್ತಿದ್ದದ್ದು ಪ್ರೀತಿಯಿಂದ. ಆದರೆ ಮಧ್ಯಾಹ್ನದ ವಾರ್ತೆಗೆ ಆ ಪೆಟ್ಟಿಗೆಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ, ಹತ್ತು ನಿಮಿಷ ಕೂತೆದ್ದರೆ ಊಟದ ಹೊತ್ತಿಗೆ ಒಂದಕ್ಷರ ತಪ್ಪದಂತೆ ಸುದ್ದಿ ಹೇಳುತ್ತಿದ್ದರು. ಸದ್ದು ಹಲಗೆಯಿಂದ ಬೆನ್ನುಮೂಳೆಗೆ, ಅಲ್ಲಿಂದ ತಲೆಗೆ ಹೋಗುತ್ತಿತ್ತು. ಜಗತ್ತಿನ ಮಾತು ಅವರನ್ನು ಮುಟ್ಟಲು ಉಳಿದಿದ್ದದ್ದು ಅದೊಂದೇ ದಾರಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮುಂದಿನದನ್ನೆಲ್ಲ ಮಾಡಿದೆ ಎಂಬುದನ್ನು ದಾಖಲಿಸಬೇಕು.

ಏಕೆಂದರೆ ಆ ಪೆಟ್ಟಿಗೆಯ ಸದ್ದು ನನಗೆ ಅಸಹ್ಯ. ಅದರ ಹಿಂದಿನ ಹಲಗೆ ಎಷ್ಟು ತೆಳ್ಳಗಿತ್ತೆಂದರೆ ಪ್ರತಿ ಅಕ್ಷರಕ್ಕೂ ಜಿರ್ರ್ ಎಂದು ನಡುಗುತ್ತಿತ್ತು. ಗಾಯಕರು ‘ಆ’ ಎಂದು ಎಳೆದರೆ ಡಬ್ಬಿಯೊಳಗೆ ಜೀರುಂಡೆ ಬಿದ್ದಂತೆ. ಅಷ್ಟರಲ್ಲಿ ನಾನು ಶಿವಮೊಗ್ಗದ ಅಂಗಡಿಯೊಂದರಲ್ಲಿ ಹೊಸ ಮಾದರಿಯ ಸ್ಪೀಕರಿನಲ್ಲಿ ಪಿಟೀಲು ಕೇಳಿ ಬಂದಿದ್ದೆ. ಕಮಾನು ತಂತಿಯನ್ನು ಮುಟ್ಟುವ ಮೊದಲಿನ ಉಸಿರು ಕೂಡ ಕೇಳಿಸಿತ್ತು. ಮನೆಗೆ ಬಂದು ರೇಡಿಯೋ ಹಾಕಿದರೆ ಅದೇ ಪಿಟೀಲು ಎಮ್ಮೆ ಮೆಲುಕು ಹಾಕಿದಂತೆ ಕೇಳಿತು. ಆ ಅಂಗಡಿಗೆ ಹೋಗಬಾರದಾಗಿತ್ತು.

ಆ ವರ್ಷ ಬಡ್ತಿಯ ಬಾಕಿಯೆಂದು ನೂರ ಹತ್ತು ರೂಪಾಯಿ ಒಟ್ಟಿಗೆ ಕೈಗೆ ಬಂತು. ಒಂದು ಭಾನುವಾರ ಬೆಳಿಗ್ಗೆ ಮಾವ ಕ್ಷೌರಕ್ಕೆ ಹೋದ ಹೊತ್ತು ನೋಡಿ, ಪರದೆ ಪೆಟ್ಟಿಗೆಯ ಹಿಂಬದಿ ಬಿಚ್ಚಿದೆ. ಮೊದಲು ಹೊರಬಂದದ್ದು ಜಿರಳೆಗಳು. ಒಂದೆರಡಲ್ಲ, ವಂಶಸಮೇತ. ಅವುಗಳ ಮೊಟ್ಟೆಯ ಚೀಲಗಳು ಮೂಲೆಗಳಲ್ಲಿ ಹುರುಳಿ ಸುರಿದಂತೆ ಬಿದ್ದಿದ್ದವು. ಅವುಗಳ ಪಕ್ಕದಲ್ಲಿ ಇಲಿಯೊಂದು ಟಿಕೆಟ್ಟಿನ ಚೂರುಗಳಿಂದ ಕಟ್ಟಿಕೊಂಡ ಗೂಡು. ಗೂಡಿನಲ್ಲಿ ಇಲಿಯ ಹಿರಿಯರೊಬ್ಬರು ಒಣಗಿ ಚರ್ಮವಾಗಿ ವಿಶ್ರಮಿಸಿದ್ದರು. ನೆಲದ ಕ್ಲಾಸಿನ ರಸಿಕರು ಬಟ್ಟೆಯ ಸಂದಿಯಿಂದ ತೂರಿಸಿದ ಬೀಡಿ ತುಂಡುಗಳಂತೂ ಬೊಗಸೆಗಟ್ಟಲೆ. ಸದ್ದು ಹೊರಡಿಸುವ ಕಾಗದದ ಕೋನು ಹರಿದಲ್ಲೆಲ್ಲ ಸಿನಿಮಾ ಪೋಸ್ಟರಿನ ಪಟ್ಟಿ ಅಂಟಿಸಿದ್ದರು. ಒಂದು ಕಡೆ ನಾಯಕಿಯ ಒಂದು ಕಣ್ಣು, ಇನ್ನೊಂದು ಕಡೆ ಯಾರದೋ ಅರ್ಧ ಮೀಸೆ, ಎಲ್ಲದರ ಅಂಚಿಗೂ ಪಾಚಿಯಂತಹ ಹಸಿರು ಕಲೆ. ಆ ಕಣ್ಣು ನನ್ನನ್ನೇ ನೋಡುತ್ತಿದ್ದದ್ದು ಸಹಿಸದೆ ನಾನು ಪಟ್ಟಿಗಳನ್ನೆಲ್ಲ ಕಿತ್ತು ಹಾಕಿ, ಕಚೇರಿಯ ಬಿಳಿ ಕಾಗದವನ್ನು ಮೈದಾ ಅಂಟಿನಿಂದ ಅಂದವಾಗಿ ಮೆತ್ತಿದೆ.

ಹೆಂಡತಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಇದ್ರೊಳಗೆ ಮೂರು ಸಂಸಾರ ನಡೀತಿತ್ತಲ್ರೀ. ಈಗ ಎಲ್ಲಾ ನನ್ನ ಅಡಿಗೆಮನೆಗೆ ಬಂದು ಹೊಸ ಬಿಡಾರ ಹೂಡ್ತವೆ.”

“ಸುಧಾರಣೆ ಅಂದಮೇಲೆ ಸ್ವಲ್ಪ ಸ್ಥಾನಪಲ್ಲಟ ಇರ್ತದೆ.”

“ಆ ಕ್ಯಾಬಿನ್ ಪೆಟ್ಟಿಗೆ ಮಾತ್ರ ಮುಟ್ಬೇಡಿ ಆಯ್ತಾ? ಅದು ಅಪ್ಪಯ್ಯಂದು.”

“ಎರಡೂ ಅವರದೇ.”

“ನಾನು ಏನು ಹೇಳಿದೆ ಅಂತ ನಿಮಗೆ ಗೊತ್ತು,” ಎಂದು ಹೇಳಿ ಒಳಗೆ ಹೋದಳು.

ತಜ್ಞರ ಅಭಿಪ್ರಾಯ ಪಡೆಯದೆ ಕಡತ ಮುಂದಕ್ಕೆ ಹೋಗುವುದಿಲ್ಲ. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರಿದ್ದರು. ಅಡಿಕೆ ಮಂಡಿಯ ಯಜಮಾನರಿಂದ ಹಿಡಿದು ನಮ್ಮ ಕಚೇರಿಯ ಜವಾನನವರೆಗೆ ಎಲ್ಲರ ರೇಡಿಯೋದ ಹೊಟ್ಟೆಯನ್ನೂ ಕಂಡವರು. ಮನೆಗೆ ಕರೆತಂದೆ. ಅವರು ಚಹಾ ಕುಡಿದು, ಎರಡೂ ಪೆಟ್ಟಿಗೆಗಳನ್ನು ಬೆರಳ ಗಣ್ಣಿನಿಂದ ಬಡಿದು, ಕ್ಯಾಬಿನ್ ಪೆಟ್ಟಿಗೆಯ ಹಿಂಬದಿಗೆ ಬಂದಾಗ ಹುಬ್ಬು ಗಂಟಿಕ್ಕಿದರು.

“ನೋಡ್ರಿ ಗುಮಾಸ್ತ್ರೇ, ಡಬ್ಬಾ ನಡುಗಬಾರ್ದು. ಡಬ್ಬಾ ನಡುಗಿತು ಅಂದ್ರ ಹಾಡೋದು ಸ್ಪೀಕರ್ ಅಲ್ಲ, ಹಲಗಿ. ಹಲಗಿ ಹಾಡು ಕೇಳಾಕ ರೇಡಿಯೋ ಯಾಕ್ರೀ? ಬಾಗಿಲಾ ಬಡೀರಿ, ಸಾಕು.”

“ಏನು ಮಾಡಬೇಕು?”

“ಮೂರು ಕೆಲಸ ಐತಿ. ಬೊಂಬಾಯಿಂದ ಹೊಸಾ ಕೋನು ತರಸಬೇಕು. ಸಣ್ಣ ದನಿಗೆ ಬ್ಯಾರೆ ಒಂದೊಂದು ಸಣ್ಣ ಸ್ಪೀಕರ್ ಕೂಡಸಬೇಕು. ಹಿಂದ ದಪ್ಪ ಹಲಗಿ ಹೊಡದು, ಒಳಗ ಬೂರಗದ ಹತ್ತಿ ತುಂಬಬೇಕು. ಆಮ್ಯಾಲೆ ಕೇಳ್ರಿ, ಹಾಡವ್ರು ನಿಮ್ಮ ತೊಡಿ ಮ್ಯಾಲೆ ಕುಂತಂಗ ಇರತೈತಿ.”

ನನ್ನಲ್ಲಿದ್ದ ಮೊತ್ತ ಹೇಳಿದೆ. ಸಾಹೇಬರು ನನ್ನನ್ನೂ ಪೆಟ್ಟಿಗೆಗಳನ್ನೂ ಒಂದೇ ಬಗೆಯ ಕರುಣೆಯಿಂದ ನೋಡಿದರು.

“ಹಂಗಾದ್ರ ಹಲಗಿ ಅಷ್ಟ ಮಾಡ್ರಿ. ಎರಡಕ್ಕೂ ಮಾಡ್ರಿ ಮತ್ತ. ಒಂದ ಕಣ್ಣಿಗೆ ಕನ್ನಡಕ ಹಾಕ್ಕೊಂಡಂಗ ಆಗಬಾರ್ದು.” ಆಮೇಲೆ ನನ್ನ ಬಿಳಿ ಕಾಗದದ ತೇಪೆ ನೋಡಿ, “ಇಲ್ಲಿ ಮೊದಲಿದ್ದ ಪೋಸ್ಟರ್ ಯಾರು ಕಿತ್ರು?” ಎಂದರು.

“ನಾನೇ. ಹಸಿರು ಹಿಡಿದಿತ್ತು.”

“ಅದು ಮೈಲುತುತ್ತ ಕಣ್ರೀ! ಟೆಂಟಿನವ್ರು ಹುಳ ಹತ್ತಬಾರ್ದಂತ ಅಂಟಿನಾಗ ಕಲಸ್ತಾರ. ಜಿರಳಿ ಇಷ್ಟು ದಿನ ಪೆಟ್ಟಿಗಿಯೊಳಗ ಇದ್ರೂ ಕೋನು ತಿಂದಿಲ್ಲ ಅಂದ್ರ ಯಾಕ ಅನಕೊಂಡ್ರಿ? ನೀವು ಬರೇ ಮೈದಾ ಬಡದು ಅವಕ್ಕ ರೊಟ್ಟಿ ಮಾಡಿ ಕೊಟ್ಟೀರಿ.”

ಸಾಹೇಬರ ಮಾತು ಹದಿನೈದು ದಿನದೊಳಗೆ ಸತ್ಯವಾಯಿತು. ಆದರೆ ಆ ದಿನ ನನ್ನ ತಲೆಯಲ್ಲಿದ್ದದ್ದು ತೊಡೆಯ ಮೇಲೆ ಕೂತು ಹಾಡುವವರು ಮಾತ್ರ. ಮನಸ್ಸಿನಲ್ಲೇ ಟಿಪ್ಪಣಿ ಬರೆದೆ: ‘ಸುಧಾರಣೆಯ ನಂತರ ಧ್ವನಿಯು ಎಷ್ಟು ಸ್ಪಷ್ಟವಾಗುವುದೆಂದರೆ, ಸಂಬಂಧಪಟ್ಟ ಹಿರಿಯರಿಗೆ ಪೆಟ್ಟಿಗೆಗೆ ಒರಗುವ ಅಗತ್ಯವೇ ಉಂಟಾಗಲಾರದು.’ ಸರ್ಕಾರಿ ನೌಕರಿಯಲ್ಲಿ ನಾನು ಬರೆದ ಸುಳ್ಳುಗಳು ಅನೇಕ. ಇಷ್ಟು ನಯವಾದದ್ದು ಇನ್ನೊಂದಿಲ್ಲ.

ಗುರುವಾರ ಮಾವನ ಎದುರಿಗೇ ಕೂತು, ಕ್ಯಾಬಿನ್ ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದೆ. “ದಪ್ಪ ಹಲಗೆ ಹಾಕಿಸ್ತೀನಿ ಮಾವ, ಸದ್ದು ಚೆನ್ನಾಗಿ ಬರ್ತದೆ!” ಎಂದು ಕೂಗಿದೆ. ಅವರು ನನ್ನ ತುಟಿಯನ್ನು ಸ್ವಲ್ಪ ಹೊತ್ತು ನೋಡಿದರು.

“ಮಾಡ್ಸು ಮಾರಾಯ. ನಿನಗೆ ಸಂಗೀತ ಗೊತ್ತುಂಟು. ನನಗೆಂತ, ಬೆನ್ನಿಗೆ ಒಂದು ಆಸರೆ ಆದ್ರೆ ಸಾಕು.”

ಅಂದಿನಿಂದ ಅವರು ಬರೀ ಗೋಡೆಗೆ ಒರಗಿ ಕೂತರು. ವಾರ್ತೆಯ ಹೊತ್ತಿಗೆ ಅಭ್ಯಾಸದಂತೆ ಕಣ್ಣು ಮುಚ್ಚಿದರು. ವಾರ್ತೆ ಮುಗಿದ ಎಷ್ಟೋ ಹೊತ್ತಿನ ಮೇಲೆ, ಅಂದಾಜಿನ ಮೇಲೆ, ಕಣ್ಣು ತೆರೆದರು. ಊಟದಲ್ಲಿ ಸುದ್ದಿ ಇಲ್ಲ. ಗುರುವಾರ ಇಲ್ಲ, ಶುಕ್ರವಾರ ಇಲ್ಲ. ಶನಿವಾರ ಹೆಂಡತಿ ನನ್ನ ತಟ್ಟೆಗೆ ಸಾರು ಬಡಿಸುತ್ತ, ಸಾರಿಗೇ ಹೇಳುವಂತೆ, “ಇವತ್ತೂ ಊರಲ್ಲಿ ಎಂತದೂ ನಡೀಲಿಲ್ಲ ಅಂತ ಕಾಣ್ತದೆ,” ಎಂದಳು. ಮಾವ ಮಜ್ಜಿಗೆ ಕಲಸಿಕೊಂಡರು. ನಾನು ಉಪ್ಪಿನಕಾಯಿಯನ್ನು ಅಗತ್ಯಕ್ಕಿಂತ ಹೆಚ್ಚು ಗಮನದಿಂದ ನೋಡಿದೆ.

ಭಾನುವಾರ ಹಲಗೆಯನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಶಿರಾಳಕೊಪ್ಪದ ಮೇಲಿನ ಬಸ್ಸಿನಲ್ಲಿ ಸೊರಬಕ್ಕೆ ಹೊರಟೆ. ಆ ಪೆಟ್ಟಿಗೆ ಮಾಡಿದ ಕೆತ್ತನೆಯವರು ಇನ್ನೂ ಅಲ್ಲಿದ್ದಾರೆ, ಗುರುತಿನವರಾದ್ದರಿಂದ ಕಡಿಮೆಗೆ ಮಾಡಿಕೊಡುತ್ತಾರೆ ಎಂಬ ಲೆಕ್ಕ. ಬಸ್ಸಿನಲ್ಲಿ ಕೋಳಿಬುಟ್ಟಿಯೊಂದು ಹಲಗೆಯ ಮೇಲೆ ಕೂತು ತನ್ನ ಅಭಿಪ್ರಾಯವನ್ನು ಲಿಖಿತ ರೂಪದಲ್ಲಿ ದಾಖಲಿಸಿತು. ಪತ್ರಿಕೆ ಒರೆಸಿಕೊಂಡು ಇಳಿದೆ.

ಕೆತ್ತನೆಯವರು ಜಗಲಿಯಲ್ಲಿ ಕೂತು ಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ ಬಿಡಿಸುತ್ತಿದ್ದರು. ಕಡ್ಡಿಯಷ್ಟು ಸಣ್ಣ ಉಳಿ, ಉಗುರಿನಷ್ಟು ಎಲೆ. ನಾನು ಪತ್ರಿಕೆ ಬಿಚ್ಚಿದ ಕೂಡಲೇ ಉಳಿ ಕೆಳಗಿಟ್ಟರು.

“ಎಂತ ಮಾರಾಯ್ರೇ, ಇದು ನನ್ನ ಕೈಯ ಹಲಗೆ. ಆಪರೇಟ್ರಿಗೆ ಎಂತ ಆಯ್ತು?”

“ಏನೂ ಆಗಿಲ್ಲ. ನಮ್ಮ ಮನೆಯಲ್ಲೇ ಇದ್ದಾರೆ. ಇದು ತೀರಾ ತೆಳ್ಳಗಿದೆ, ನಡುಗ್ತದೆ. ಇದರ ಮೂರರಷ್ಟು ದಪ್ಪದ್ದು ಬೇಕು.”

“ತೆಳ್ಳಗಿರ್ದೆ ಮತ್ತೆಂತ? ಮೂರು ಸಲ ವಾಪಸ್ ತಂದು ಕೀಸ್ಸಿದಾರೆ ಅವ್ರು. ನಾನು ಮೊದ್ಲು ಸಮಾ ದಪ್ಪದ್ದೇ ಹೊಡ್ದಿದ್ದೆ. ‘ಇನ್ನೂ ತೆಗಿ, ಇನ್ನೂ ತೆಗಿ’ ಅಂತ್ರು. ಪ್ರತಿ ಸಲ ಇಲ್ಲೇ ಈ ಕಂಬದ ಹತ್ರ ಬೆನ್ನು ಕೊಟ್ಟು ಕೂತು, ‘ಈಗ ಬಡಿ’ ಅಂತ್ರು. ಕಡೀಗೆ ನಾನೇ ಹೇಳ್ದೆ, ಇನ್ನು ಕೀಸಿದ್ರೆ ಆಚೆ ಕಡೆ ಮನೆ ಕಾಣ್ತದೆ ಅಂತ.”

“ಯಾಕೆ ಅಂತ ಕೇಳಲಿಲ್ಲವೇ?”

ಅವರು ಸ್ವಲ್ಪ ಅನುಮಾನದಿಂದ ನನ್ನನ್ನು ನೋಡಿದರು. ಆಮೇಲೆ, ಟೆಂಟೇ ಇಲ್ಲದ ಮೇಲೆ ಗುಟ್ಟಿಗೇನು ಎಂದುಕೊಂಡರೋ ಏನೋ, ಹೇಳಿದರು. ಜಡೆಯಲ್ಲಿ ಒಂದು ಸಲ ಆಟದ ನಡುವೆ ಧ್ವನಿ ನಿಂತುಹೋಗಿತ್ತು. ಜನ ಸಿಳ್ಳೆ ಹಾಕಿದರು, ಕುರ್ಚಿ ಬಡಿದರು, ಕ್ಯಾಬಿನ್ನಿಗೆ ಕಲ್ಲು ಬಿತ್ತು. ಆಪರೇಟರು ಮಾತ್ರ ಬೆಳಕು ಸರಿಯಾಗಿ ಬೀಳುತ್ತಿದೆಯೆಂದು ನೋಡುತ್ತ ಸಮಾಧಾನವಾಗಿ ಕೂತಿದ್ದರು. ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗು ಎಂದರಂತೆ ಯಜಮಾನರು. ಆ ವಾರವೇ ಮಾವ ಸೊರಬಕ್ಕೆ ಬಂದು ಈ ಹಲಗೆ ಮಾಡಿಸಿದ್ದು.

“ಏಳು ವರ್ಷ ಬೆನ್ನಲ್ಲೇ ಪಿಕ್ಚರ್ ಓಡ್ಸಿದಾರೆ ಆ ಮನುಷ್ಯ,” ಎಂದರು ಕೆತ್ತನೆಯವರು. “ಯಾರಿಗೂ ಗೊತ್ತಾಗ್ಲಿಲ್ಲ. ನೀವು ಕಿವಿಗೆ ಬೆರಳಿಟ್ಕಂಡು ಆ ಕಡೆ ತಿರುಗಿ ಕೂತ್ಕಳಿ, ತೋರಿಸ್ತೆ.”

ಕೂತೆ. ಅವರು ತೆಳು ಹಲಗೆಯನ್ನು ನನ್ನ ಬೆನ್ನಿಗೆ ಹಚ್ಚಿದರು. ಎರಡು ಭುಜಗಳ ನಡುವೆ, ಇರುವೆಯ ಸಾಲು ಹರಿದಂತೆ, ಸ್ಪಷ್ಟವಾಗಿ ನಾಲ್ಕು ಬಡಿತಗಳು ಬಂದವು. ಉಗುರಿನಿಂದ ಗೀರಿದ್ದೂ ತಿಳಿಯಿತು. ಆಮೇಲೆ ನಾನು ಕೇಳಿದಷ್ಟು ದಪ್ಪದ ಹಲಗೆಯೊಂದನ್ನು ತಂದು ಹಚ್ಚಿದರು. ನಾನು ಕಾದೆ. ಬಹಳ ಹೊತ್ತಾದ ಮೇಲೆ ಬೆರಳು ತೆಗೆದು, “ಯಾವಾಗ ಬಡೀತೀರಿ?” ಎಂದೆ.

“ಬಡ್ದಾಯ್ತು ಮಾರಾಯ್ರೇ. ಆಗ್ಲೇ ಮೂರು ಸಲ.”

ಆ ಜಗಲಿಯಲ್ಲಿ ನನಗೆ ಹೇಸಿಗೆಯಾಯಿತು. ಜಿರಳೆ, ಒಣಗಿದ ಇಲಿ, ಕೋಳಿಯ ಹಿಕ್ಕೆ ಯಾವುದೂ ಇದರ ಹತ್ತಿರ ಸುಳಿಯಲಾರದು. ಒಬ್ಬ ಮನುಷ್ಯನ ಕಿವಿಯನ್ನು ಸ್ಕ್ರೂ ಬಿಚ್ಚಿ ತೆಗೆದು, ಪತ್ರಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತಂದು, ಇದನ್ನು ಕಡಿಮೆ ಖರ್ಚಿನಲ್ಲಿ ಕಿವುಡು ಮಾಡಿಕೊಡಿ ಎಂದು ಕೇಳಲು ಬಂದವನು ನಾನು. ಅದೂ ಪಿಟೀಲಿನವರ ಉಸಿರು ಕೇಳಬೇಕೆಂಬ ರಸಿಕತೆಗಾಗಿ. ಗೊತ್ತಿಲ್ಲದೆ ಮಾಡಿದೆ ಎನ್ನಲೂ ದಾರಿಯಿಲ್ಲ. ಮೂರು ದಿನ ಸುದ್ದಿಯಿಲ್ಲದ ಊಟ ಉಂಡಿದ್ದೆ. ನನಗೆ ತಿಳಿಯದೆ ಇದ್ದದ್ದು ಆ ಹಲಗೆಯನ್ನು ಅವರು ಎಷ್ಟು ಕಷ್ಟದಿಂದ ಸಂಪಾದಿಸಿದ್ದರು ಎಂಬುದಷ್ಟೇ.

“ಹಾಗಾದ್ರೆ ಎಷ್ಟು ದಪ್ಪ ಮಾಡ್ಲಿ?” ಎಂದು ಕೆತ್ತನೆಯವರು ಅಳತೆಪಟ್ಟಿ ಎತ್ತಿಕೊಂಡರು. ಅವರಿಗೂ ಹೊಟ್ಟೆಯಿದೆ, ಕೆಲಸ ಕೆಲಸವೇ.

“ಬೇಡ,” ಎಂದೆ. ಆದೇಶವಾಯಿತು. ಜೀವಮಾನದ ಮೊದಲನೆಯದು.

ಮನೆಗೆ ಬಂದಾಗ ಮಾವ ಹೊಸ್ತಿಲ ಹತ್ತಿರ ಕೂತಿದ್ದರು. ನನ್ನ ಕೈಯಲ್ಲಿದ್ದ ಕಟ್ಟಿನ ದಪ್ಪವನ್ನೇ ಮೊದಲು ನೋಡಿದರು.

“ಹಲಗೆ ಮಾಡಿಸ್ಲಿಲ್ವ?”

“ಇಲ್ಲ ಮಾವ.”

“ಎಂತಕ್ಕೆ?”

ನಿಮ್ಮ ಗುಟ್ಟು ತಿಳಿಯಿತು ಎಂದರೆ ಏಳು ವರ್ಷ ಯಜಮಾನರಿಂದ ಉಳಿಸಿಕೊಂಡ ಮಾನವನ್ನು ನಾನು ಹೊಸ್ತಿಲಲ್ಲಿ ಚೆಲ್ಲಿದಂತೆ. ಬೇರೇನೂ ಹೊಳೆಯದೆ ಕೂಗಿದೆ:

“ಮರ ಸಿಗಲಿಲ್ಲ!”

ಮಾವ ನನ್ನ ತುಟಿಯನ್ನು ನೋಡಿದರು. ತಪ್ಪಾಗಿ ಓದಿದೆನೇನೋ ಎಂಬಂತೆ ಇನ್ನೊಮ್ಮೆ ನೋಡಿದರು.

“ಸೊರಬದಲ್ಲಿ?”

“ಸೊರಬದಲ್ಲಿ.”

“ಮರ?”

“ಹೌದು ಮಾವ, ಮರ!”

ಕಾಡಿನ ನಡುವೆ ಕೂತ ಊರದು. ಹೆಂಡತಿ ಒಳಗಿನಿಂದ ಇಣುಕಿ, ನನ್ನ ಮುಖ ನೋಡಿ, ಸ್ಕ್ರೂ ಡ್ರೈವರ್ ತಂದು ಕೊಟ್ಟಳು. ಮಾವ ಕಟ್ಟು ಬಿಚ್ಚಿ ಹಲಗೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದರು. “ಇರ್ಲಿ ಬಿಡು,” ಎಂದರು. “ಈಗಿನ ಕಾಲದಲ್ಲಿ ಎಂತದೂ ಸಿಗೋದಿಲ್ಲ.”

ಸೋಮವಾರ ಮಧ್ಯಾಹ್ನ ಕಚೇರಿಯಿಂದ ಊಟಕ್ಕೆ ಬಂದಾಗ ಪೆಟ್ಟಿಗೆ ಗೋಡೆ ನೋಡುತ್ತಿತ್ತು. ಮಾವ ಎಲೆಯ ಮುಂದೆ ಕೂತು, ಸಕ್ಕರೆಯ ಬೆಲೆ ಮತ್ತೆ ಏರಿದ ಸುದ್ದಿಯನ್ನು ತಾವೇ ಏರಿಸಿದಷ್ಟು ಗಾಂಭೀರ್ಯದಿಂದ ಪ್ರಕಟಿಸಿದರು. ಹೆಂಡತಿ ನನಗೆ ಎರಡನೆಯ ಸಲ ತುಪ್ಪ ಹಾಕಿದಳು. ಅದನ್ನು ನಾನು ಪ್ರಶಸ್ತಿಪತ್ರವೆಂದೇ ಭಾವಿಸಿದೆ.

ಪರದೆ ಪೆಟ್ಟಿಗೆಯಲ್ಲಿ ನನ್ನ ಬಿಳಿ ತೇಪೆಗಳನ್ನು ಜಿರಳೆಗಳು ಅಂಚಿನಿಂದ ಶುರುಮಾಡಿ ಪೂರ್ತಿ ತಿಂದವು. ರುಚಿಗೆ ಕೋನನ್ನೂ ಸ್ವಲ್ಪ ಕಚ್ಚಿದವು. ಮಾವ ಮೈಲುತುತ್ತ ಕಲಸಿದ ಅಂಟು ಕಾಯಿಸಿ, ಎಲ್ಲಿಂದಲೋ ಪೋಸ್ಟರಿನ ಚೂರು ತಂದು ಮತ್ತೆ ತೇಪೆ ಹಾಕಿದರು. ಈ ಸಲ ಅಲ್ಲಿ ಖಳನಾಯಕನ ಹಲ್ಲುಗಳು ಬಂದವು. ನಾನು ಅಂಟಿನ ಬಟ್ಟಲು ಹಿಡಿದು ನಿಂತೆ.

ಸಾಹೇಬರು ಮಾತ್ರ ನನ್ನನ್ನು ಬಿಡಲಿಲ್ಲ. ಪೇಟೆಯಲ್ಲಿ ಸಿಕ್ಕವರು, “ಏನ್ರೀ, ಹಲಗಿ ಆತೇನು?” ಎಂದರು. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು ಹೇಳಿದರೆ ಯಾವತ್ತಾದರೂ ಮಾವನ ಮುಂದೆ ಬಿಚ್ಚಿಕೊಂಡೀತೆಂದು ಅವರಿಗೂ ಅದೇ ಉತ್ತರ ಕೊಟ್ಟೆ.

“ಸೊರಬದಾಗ ಮರ ಸಿಗಲಿಲ್ಲ?” ಸಾಹೇಬರು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟರು. “ನಾಳೆ ಕೆರಿಗೆ ಕಳಸ್ತೀನಿ ನಿಮ್ಮನ್ನ, ನೀರು ಸಿಗಲಿಲ್ಲ ಅಂತ ಬರ್ರಿ.”

ಸಂಜೆಯೊಳಗೆ ಪೇಟೆಗೆಲ್ಲ ಹಬ್ಬಿತು. ವರ್ಗವಾಗಿ ಬಂದ ಹೊಸ ಅಧಿಕಾರಿಗಳಿಗೂ ನನ್ನನ್ನು ಪರಿಚಯಿಸುವಾಗ, ಸೊರಬಕ್ಕೆ ಹೋಗಿ ಮರ ಕಾಣದೆ ಬಂದ ಗುಮಾಸ್ತರು ಇವರೇ ಎಂದು ಹೇಳುತ್ತಿದ್ದರು. ಮಾವ ಇರುವವರೆಗೂ ನಾನು ಅದನ್ನು ತಿದ್ದಲಿಲ್ಲ. ಅವರು ಹೋದ ಮೇಲೆ ತಿದ್ದುವ ಹುಮ್ಮಸ್ಸು ಉಳಿಯಲಿಲ್ಲ.

ಇದರಿಂದ ನನ್ನ ಕಿವಿ ಉದಾರವಾಯಿತೆಂದು ಯಾರೂ ತಿಳಿಯಬಾರದು. ಆ ಹಲಗೆಯ ಜಿರ್ರ್ ನನಗೆ ಕೊನೆಯ ದಿನದವರೆಗೂ ಅಸಹ್ಯವೇ. ಪಿಟೀಲು ಬಂದಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಒಳಗೆ ಮಾವ ಗೋಡೆ ನೋಡುವ ಪೆಟ್ಟಿಗೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ತಲೆದೂಗುತ್ತಿದ್ದರು. ತಾಳ ಮಾತ್ರ ಒಂದು ಸಲವೂ ತಪ್ಪುತ್ತಿರಲಿಲ್ಲ.